ಎಡಗಡೆ ದನಿ ಕಮ್ಮಿ

ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುವುದು ಅಪ್ಪನ ಕಸುಬು. ಗುಂಡ್ಲುಪೇಟೆಯಲ್ಲಿ ಆಗ ಇನ್ನೂ ಮೂರ್ನಾಲ್ಕು ಸೆಟ್ಟಿನವರಿದ್ದರೂ ಜನ ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಎಲ್ಲೋ ಒಂದು ಹಾರ್ನ್ ಸ್ಪೀಕರ್ ಕರಕರ ಅಂದರೆ ತಪ್ಪು ಮೈಕಿನದೋ ತಂತಿಯದೋ ಎಂದು ಕೂತಲ್ಲಿಂದಲೇ ಹೇಳಿಬಿಡುತ್ತಿದ್ದ. ಆ ಕಿವಿಯಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದುವೆಯವರು ಕ್ಯಾಸೆಟ್ ಬೇಡ, ಸಿ.ಡಿ. ಹಾಕಿ ಅನ್ನತೊಡಗಿದ್ದರಿಂದ ಅಪ್ಪ ಮೈಸೂರಿನಿಂದ ಒಂದು ಸಿ.ಡಿ. ಪ್ಲೇಯರ್ ತಂದ. ನಾನು ಬೇಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅದರ ಸ್ಕ್ರೂ ಬಿಚ್ಚಿ ಒಳಗೆ ಇಣುಕುವವರೆಗೂ ನನಗೆ ಅನ್ನ ಸೇರಲಿಲ್ಲ. ಡಿಸ್ಕಿನಲ್ಲಿರುವುದು ಬರೀ ಅಂಕಿಗಳಂತೆ, ಉಗುರಿನಷ್ಟಗಲದ ಚಿಪ್ಪೊಂದು ಅವನ್ನೆಲ್ಲ ದನಿ ಮಾಡಿ ಕೊಡುತ್ತದಂತೆ!

"ಅಂಕಿ ಪದ ಯೋಳ್ತದಾ? ಓಗಮ್ಮಿ," ಎಂದು ಅಪ್ಪ ನಕ್ಕ. ನನ್ನ ವಾಕ್‌ಮನ್ನಿನ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ, "ಎಡಗಡೆ ದನಿ ಕಮ್ಮಿ," ಅಂದ.

ಸೆಟ್ಟು ಕೈಕೊಟ್ಟಾಗ ಅಪ್ಪನದೊಂದು ಪದ್ಧತಿ: ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಬೇಕು, ಮಿಕ್ಕಿದ್ದನ್ನು ಮುಟ್ಟಬಾರದು. ಪ್ಲೇಯರ್‌ಗೆ ಬಲ ಸಾಲದು ಎಂದುಕೊಂಡು, ಮದುವೆ ಆಂಪ್ಲಿಫಯರಿನಿಂದ ಹಾರ್ನ್‌ಗೆ ಹೋಗುವ ತಂತಿಯನ್ನೇ ಹೆಡ್‌ಫೋನಿಗೆ ಕಟ್ಟಿಬಿಟ್ಟ. ನಾನು ಬೇಡ ಅನ್ನುವಷ್ಟರಲ್ಲಿ ಚಟ್! ಮನೆಯೆಲ್ಲ ಸುಟ್ಟ ವಾಸನೆ. ಪುಣ್ಯಕ್ಕೆ ಸುಟ್ಟ ಹೆಡ್‌ಫೋನ್ ಅವನ ತಲೆಯ ಮೇಲಿರಲಿಲ್ಲ.

ನನ್ನ ಸ್ಕೂಲಿನಲ್ಲಿ ವಯನಾಡಿನ ಕಡೆಯ ಟೀಚರ್ ಒಬ್ಬರಿದ್ದರು. ಅವರ ಗಂಡ ಗಲ್ಫಿನಿಂದ ತಂದಿದ್ದ ದೊಡ್ಡ ಹೆಡ್‌ಫೋನನ್ನು ಬೇಡಿ ತಂದೆ. ಅದರ ಮೇಲೆ ಮುನ್ನೂರು ಓಮ್ ಎಂದಿತ್ತು. ಪ್ಲೇಯರ್‌ಗೆ ಹಾಕಿದರೆ ಪಿಸುಗುಟ್ಟಿತು ಅಷ್ಟೆ. ಓಮ್, ಅಂದರೆ ಕರೆಂಟಿಗೆ ತಡೆ, ಹೆಚ್ಚಿದ್ದರೆ ತಳ್ಳುವ ಬಲವೂ ಹೆಚ್ಚು ಬೇಕಲ್ಲ ಎಂದು, ಅಪ್ಪನೇ ಮನೆಯಲ್ಲಿ ಜೋಡಿಸಿದ್ದ ಸ್ಟೀರಿಯೋ ಆಂಪ್ಲಿಫಯರಿನ ಹೆಡ್‌ಫೋನ್ ತೂತಿಗೆ ಹಾಕಿದೆ. ಅಬ್ಬಬ್ಬಾ! ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ನನ್ನ ಮೈ ಜುಮ್ಮೆಂದಿತು.

ಅಪ್ಪ ಕೇಳಿದ. "ಬಲಗಡೆ ಬಂಗಾರ. ಎಡಗಡೆ ಕಮ್ಮಿನೇ."

ತಂತಿ ಬದಲಾಯಿತು. ಆಂಪ್ಲಿಫಯರ್ ಬದಲಾಯಿತು. ಕೊನೆಗೆ ಅನುಮಾನ ಚಿಪ್ಪಿನ ಮೇಲೆ ಬಿತ್ತು. "ಆ ನಿನ್ ಅಂಕಿ ಚಿಪ್ಪು ಅರ್ಧ ಗೇಯ್ದು ಅರ್ಧ ಬುಟ್ಬುಟ್ಟದೆ ಕಣಮ್ಮಿ." ನಾಚಿಕೆ ಬಿಟ್ಟು ಅದೇ ಟೀಚರ ಸಿ.ಡಿ. ಪ್ಲೇಯರನ್ನೂ ಹೊತ್ತು ತಂದೆ. ಅದರ ಚಿಪ್ಪೇ ಬೇರೆ, ದನಿ ಒಂಚೂರು ಮೆತ್ತಗೆ. ಎಷ್ಟು ಕೇಳಿದರೂ ನನಗೆ ತಣಿಯದು. ಅಪ್ಪನದು ಮಾತ್ರ ಅದೇ ರಾಗ.

ನನಗೆ ರೇಗಿತು. "ಎರಡು ಕಡೆನೂ ಸಮವಾಗೇ ಅದೆ ಕಣಪ್ಪ!"

"ನಿನ್ಗೇನ್ ಗೊತ್ತು? ಮೂವತ್ತು ವರ್ಸ ಆರ್ನ್ ಬುಡದಲ್ಲೇ ಕೂತಿವ್ನಿ. ಈ ಕಿವಿಗೆ ಬಂದು ಯೋಳ್ತೀಯಾ?"

ನಾನು ಮುಖ ಗಂಟಿಕ್ಕಿಕೊಂಡು ಅಡುಗೆಮನೆಗೆ ಹೋದೆ. ಅಪ್ಪ ಬಿಡುವವನಲ್ಲ. ತಪ್ಪು ಸೆಟ್ಟಿನದೇ ಎಂದು ತೋರಿಸಲು ಹೆಡ್‌ಫೋನನ್ನು ಎಡದ್ದು ಬಲಕ್ಕೆ ಬರುವ ಹಾಗೆ ತಿರುಗಿಸಿ ಹಾಕಿಕೊಂಡ. "ಬಂದ್ ನೋಡು, ಈಗ ಬಲಗಡೆ ಕಮ್ಮಿ ಬತ್ತದೆ," ಎಂದು ಕೂಗಿದ.

ಬಾಗಿಲಲ್ಲಿ ನಿಂತು ನೋಡಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದ. ತೆಗೆದು ಮತ್ತೆ ತಿರುಗಿಸಿ ಹಾಕಿಕೊಂಡ. ಆಮೇಲೆ ಹೆಡ್‌ಫೋನ್ ಕೆಳಗಿಟ್ಟು, ಬಲಗಿವಿಯ ಹತ್ತಿರ ಚಿಟಿಕೆ ಹೊಡೆದ, ಎಡಗಿವಿಯ ಹತ್ತಿರ ಹೊಡೆದ. ಎಡಗಡೆ ಇನ್ನೊಂದು ಸಲ, ಜೋರಾಗಿ. ನನ್ನ ಕೋಪವೆಲ್ಲ ಇಳಿದುಹೋಯಿತು.

"ಎಲ್ಲಾನೂ ಬದ್ಲಾಯ್ಸುದೊ ಕಣಮ್ಮಿ," ಅಂದ ಅಪ್ಪ, ಎಡಗಿವಿ ಮುಟ್ಟಿಕೊಂಡು. "ಇದೊಂದ ಬುಟ್ಟು."

ಮಾರನೆಯ ದಿನ ಹಂಗಳದಲ್ಲಿ ಮದುವೆ. ನಾನು ರಜೆ ಹಾಕಿ ಜೊತೆಗೆ ಹೋದೆ. ಚಪ್ಪರದ ತುಂಬ ಜನ, ನಮ್ಮೂರಿನ ಇನ್ನೊಬ್ಬ ಮೈಕ್ ಸೆಟ್ಟಿನವನೂ ಊಟಕ್ಕೆ ಬಂದು ನಿಂತಿದ್ದ. ಅಪ್ಪ ಸಿ.ಡಿ. ಹಾಕಿ, ಆಂಪ್ಲಿಫಯರಿನ ದನಿ ಏರಿಸುವ ಗುಬಟಿನ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕೇಳಿದ:

"ಎಡಗಡೆ ಎಂಗದೆ ಯೋಳಮ್ಮಿ."

ಕಿವಿಗೊಟ್ಟು ಕೇಳಿ, "ಇನ್ನೊಂಚೂರು ಎತ್ತಪ್ಪ," ಅಂದೆ.