ಕಂಬ ಸುತ್ತಿಸಿ ಅಳತೆ ತೆಗೆದವರು

ಮೂಡಲಗಿಯಲ್ಲಿ ನಮ್ಮ ಶಾಲೆಯ ಹುಡುಗಿಯರ ಖೋಖೋ ತಂಡಕ್ಕೆ ಅಂಗಿ ಹೊಲಿಯುತ್ತಿದ್ದ ಟೇಲರ್ ಅಕ್ಕ ನಮ್ಮನ್ನು ನಿಲ್ಲಿಸಿ ಅಳತೆ ತೆಗೆದವರಲ್ಲ. ಆಟದಲ್ಲಿ ಕೂರುವ ಹಾಗೆಯೇ ಕುಕ್ಕರಗಾಲಲ್ಲಿ ಕೂಡಿಸಿ ಬೆನ್ನ ಮೇಲೆ ಟೇಪು ಎಳೆಯುತ್ತಿದ್ದರು. ಹೊಲಿದ ಮೇಲೆ ಅಂಗಡಿಯ ಮುಂದಿನ ಕಂಬದ ಸುತ್ತ ಓಡಿಸಿ, ಹಾರುವ ಅಂಗಿಯ ಚುಂಗಿಗೆ ಕೈ ಚಾಚಿ ನೋಡುತ್ತಿದ್ದರು. ಖೋಖೋದಲ್ಲಿ ಅಂಗಿ ಮುಟ್ಟಿದರೂ ಔಟೇ.

"ಔಟ್ ಆದ್ರ ನೀ ಆಗ್ ತಂಗಿ, ಬಟ್ಟಿ ಆಗಬಾರ್ದು" ಎನ್ನುತ್ತಿದ್ದರು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಒಂದು ವರ್ಷ ನನ್ನ ಅವ್ವ ಹೋಗಿ, "ಹುಡುಗಿ ದೊಡ್ಡಾಕಿ ಆಗ್ಯಾಳ್ರಿ, ನಾಕ್ ಬಟ್ಟ ಉದ್ದ ಬಿಡ್ರಿ" ಎಂದಳು. ಅಕ್ಕ ಅವ್ವನ ಮುಖ ನೋಡಿದರು. ನಾಲ್ಕು ಬೆರಳು ಉದ್ದ ಬಿಟ್ಟರು.

ಗೋಕಾಕದ ಪಂದ್ಯದಲ್ಲಿ ಕೊನೆಗೆ ಉಳಿದವಳು ನಾನು. ಕಂಬ ತಿರುಗುವಾಗ ಬೆನ್ನಟ್ಟಿದವಳ ಕೈಗೆ ಸಿಕ್ಕಿದ್ದು ಆ ನಾಲ್ಕು ಬೆರಳಗಲದ ಬಟ್ಟೆ. ಸೋತೆವು. ಅವ್ವ ಅಲ್ಲೇ ಕೂತು ನೋಡುತ್ತಿದ್ದಳು.

ಮರುದಿನ ಅವ್ವನೇ ನನ್ನನ್ನು ಅಂಗಡಿಗೆ ಕರೆದೊಯ್ದು, ಅಂಗಿಯನ್ನು ಮಷೀನಿನ ಮೇಲಿಟ್ಟಳು. ಅಕ್ಕ ಅಷ್ಟು ಬಟ್ಟೆ ಕತ್ತರಿಸಿ, ಅಂಚು ಮಡಚಿ ಹೊಲಿದರು. ಉಳಿದ ನೀಲಿ ಪಟ್ಟಿಯನ್ನು ಎಸೆಯದೆ ಅವ್ವನ ಕೈಗಿಟ್ಟರು.

"ಜಡಿನೂ ಉದ್ದ ಐತ್ರಿ. ಇದ್ರಾಗ ಎತ್ತಿ ಕಟ್ರಿ."

ಅವ್ವ ನನ್ನನ್ನು ಅಲ್ಲೇ ಸ್ಟೂಲಿನ ಮೇಲೆ ಕೂಡಿಸಿ, ಜಡೆ ಮಡಚಿ ಬಿಗಿಯಾಗಿ ಕಟ್ಟಿದಳು. ಗಂಟನ್ನೊಮ್ಮೆ ಜಗ್ಗಿ ನೋಡಿದಳು. ಆಮೇಲೆ ಹೊರಗಿನ ಕಂಬ ತೋರಿಸಿ, "ಓಡ್ ನೋಡೂಣು" ಎಂದು ತಾನೇ ಕೈ ಚಾಚಿ ನಿಂತಳು.