ಎಂಟನೇ ನಂಬರಿನ ಜರ್ಸಿ

ಬೆಳಗಿನ ಐದು ಗಂಟೆ. ಅಕ್ಕ ಜರ್ಸಿಗಳ ಮೇಲೆ ನಡೆಯುತ್ತಿದ್ದಾರೆ.

ಒಂದು ಒಣ ಟವೆಲ್ ಹಾಸಿ, ಅದರ ಮೇಲೆ ಒದ್ದೆ ಜರ್ಸಿಯನ್ನು ಅಂಗಾತ ಮಲಗಿಸಿ, ಹಾಸಿಗೆ ಸುತ್ತುವ ಹಾಗೆ ಸುರುಳಿ ಸುತ್ತುತ್ತಾರೆ. ಸುರುಳಿಯನ್ನು ನೆಲದ ಮೇಲಿಟ್ಟು, ಒಂದು ಕೈ ಗೋಡೆಗೆ ಕೊಟ್ಟು, ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾರೆ. ಜರ್ಸಿಯ ನೀರು ಟವೆಲ್ಲಿಗೆ ಇಳಿಯುತ್ತದೆ. ಬಿಚ್ಚಿ, ಹಿಂಗೈಯಿಂದ ಮುಟ್ಟಿ ನೋಡಿ, ಹಗ್ಗಕ್ಕೆ ಹಾಕುತ್ತಾರೆ. ಕೆಳಗಡೆ ಎರಡು ಟೇಬಲ್ ಫ್ಯಾನು ತಿರುಗುತ್ತಿವೆ. ಇಪ್ಪತ್ತಮೂರು ಜರ್ಸಿಗಳಲ್ಲಿ ಇದು ಒಂಬತ್ತನೆಯದು.

"ಮಂಡಿ ನೋವು ಅಂತ ಡಾಕ್ಟರ ಹತ್ರ ಹೋದ್ರೆ ದಿನಾ ನಡೀರಿ ಅಂದ್ರು. ನಡೀತಾ ಇದೀನಲ್ಲ!" ಎನ್ನುತ್ತಾರೆ ಅಕ್ಕ. ನಗುವುದಕ್ಕೂ ಅವರಿಗೆ ತ್ರಾಣವಿಲ್ಲ.

ಇದು ಫುಟ್‌ಬಾಲ್ ಕ್ರೀಡಾಂಗಣದ ಗ್ಯಾಲರಿಯ ಅಡಿಯಲ್ಲಿರುವ ಒಗೆಯುವ ಕೋಣೆ. ಕಿಟಕಿ ಇಲ್ಲ. ಮೆಟ್ಟಿಲುಗಳ ಅಡಿಭಾಗವೇ ಇದರ ಚಾವಣಿ. ಹಾಗಾಗಿ ಹಿಂದಿನ ಗೋಡೆಯ ಹತ್ತಿರ ಹೋಗುವವರು ತಲೆ ತಗ್ಗಿಸಲೇಬೇಕು. ಮೂರು ವಾಷಿಂಗ್ ಮಷೀನು, ಒಂದು ಡ್ರೈಯರು, ಒಂದು ಇಸ್ತ್ರಿ ಮೇಜು. ಏಷ್ಯಾದ ಉದಯೋನ್ಮುಖ ರಾಷ್ಟ್ರೀಯ ತಂಡಗಳ ಟೂರ್ನಿ ಮೇಲೆ ನಡೆಯುತ್ತಿದೆ. ಎಂಟು ದೇಶ, ಎಂಟು ಬಣ್ಣ. ದಿನಕ್ಕೆ ಎರಡು ಪಂದ್ಯ ಅಂದರೆ ನಾಲ್ಕು ತಂಡಗಳ ಬುಟ್ಟಿ. ತೊಂಬತ್ತೆರಡು ಜರ್ಸಿ, ಅಷ್ಟೇ ಚಡ್ಡಿ, ನೂರ ಎಂಬತ್ತನಾಲ್ಕು ಕಾಲುಚೀಲ, ಇನ್ನೂರರ ಹತ್ತಿರ ಟವೆಲ್ಲು. ಇಷ್ಟಕ್ಕೂ ಇರುವುದು ಇಬ್ಬರೇ, ಇಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಇವರು ಮತ್ತು ಇವರ ಓರಗಿತ್ತಿ. ಅಕ್ಕನ ಗಂಡನ ತಮ್ಮನ ಹೆಂಡತಿ ಆಕೆ. ಹತ್ತು ವರ್ಷ ಚಿಕ್ಕವಳು, ಮಾತಿನಲ್ಲಿ ಮಾತ್ರ ಹಿರಿಯಳು.

"ನೂರ ಎಂಬತ್ತನಾಲ್ಕು ಹಾಕಿದ್ರೆ ನೂರ ಎಂಬತ್ಮೂರು ಬರುತ್ತೆ. ಒಂದು ಕಾಲುಚೀಲ ಎಲ್ಲಿಗೆ ಹೋಗುತ್ತೋ ಆ ದೇವರಿಗೇ ಗೊತ್ತು," ಎನ್ನುತ್ತಾಳೆ ಓರಗಿತ್ತಿ. "ಅಕ್ಕ, ಮಷೀನಿಗೆ ಸಂಬಳ ಇಲ್ಲ ನೋಡಿ, ಅದಕ್ಕೇ ಒಂದೊಂದು ಇಟ್ಕೊಳ್ಳುತ್ತೆ."

"ಬಾಯಿ ಆಡಿಸಿದಷ್ಟು ಕೈ ಆಡಿಸಿದ್ರೆ ಇಷ್ಟೊತ್ತಿಗೆ ಒಣಗಿರ್ತಿತ್ತು."

ಇವರಿಬ್ಬರ ಅತ್ತೆ ಒಬ್ಬರೇ. ಕಿವಿ ಮಂದವಾಗಿದ್ದರೂ ನಾಲಿಗೆ ಚುರುಕಾಗಿರುವ ಆ ಮುದುಕಿ, ಸೊಸೆಯರಿಬ್ಬರೂ ಜರ್ಸಿ ನೋಡಿಕೊಳ್ಳುತ್ತಾರೆ ಎಂದು ತಿಳಿದ ದಿನ ಕೇಳಿದ್ದು ಒಂದೇ ಮಾತು: "ದಿನಕ್ಕೆ ಎಷ್ಟು ಲೀಟರ್ ಕರೆಯುತ್ತೆ?"

ಇವತ್ತು ಅಕ್ಕನ ಮನಸ್ಸು ಹಗ್ಗದ ಕೊನೆಯಲ್ಲಿ ನೇತಾಡುತ್ತಿರುವ ಒಂದೇ ಒಂದು ಜರ್ಸಿಯ ಮೇಲಿದೆ. ಗಾಢ ಹಸಿರು ಬಣ್ಣ, ಬೆನ್ನ ಮೇಲೆ ಬಿಳಿ ಎಂಟು. ಮಧ್ಯಾಹ್ನ ಮೂರೂವರೆಗೆ ಆ ಹಸಿರು ತಂಡದ ಪಂದ್ಯ. ಎಂಟು ತಂಡಗಳಲ್ಲಿ ಅದೇ ಅತ್ಯಂತ ಬಡ ತಂಡ. ಬಂದ ದಿನವೇ ಅದರ ಎರಡನೇ ಚೀಲ ವಿಮಾನದಲ್ಲಿ ಕಳೆದುಹೋಗಿ, ಆಡಲಿಕ್ಕೂ ಅಭ್ಯಾಸಕ್ಕೂ ಉಳಿದಿರುವುದು ಒಂದೇ ಜೊತೆ. ನಿನ್ನೆ ಸಂಜೆ ಮಳೆಯಲ್ಲಿ ಅಭ್ಯಾಸ ಮಾಡಿದ್ದೂ ಇವುಗಳಲ್ಲೇ. ನಾಲ್ಕು ದಿನದಿಂದ ಬಿಸಿಲಿಲ್ಲ. ಡ್ರೈಯರಿಗೆ ಹಾಕುವ ಹಾಗೂ ಇಲ್ಲ. ಯಾಕೆ ಹಾಕುವ ಹಾಗಿಲ್ಲ ಎಂಬುದೇ ಅಕ್ಕನ ಈ ವಾರದ ಸಂಕಟ.

ಅಕ್ಕ ಹದಿನೆಂಟು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವರು. ಹಾಸಿಗೆ ಹೊದಿಕೆ, ಆಪರೇಷನ್ ಕೋಣೆಯ ನಿಲುವಂಗಿ, ಹಸುಗೂಸುಗಳ ಬಟ್ಟೆ. ಅಲ್ಲಿ ಒಂದೇ ಶಾಸ್ತ್ರ: ಕುದಿಯುವ ನೀರು, ಸುಡುವ ಗಾಳಿ. "ಬಿಸಿ ಕಮ್ಮಿ ಆದ್ರೆ ಬೈಸ್ಕೊಳ್ತಿದ್ವಿ. ಬಿಸಿ ಇಲ್ದೆ ರೋಗ ಸಾಯಲ್ಲ ಅಂತ ನನ್ನ ಕೈಗೆ ಕಲಿಸಿಬಿಟ್ರು. ಕೈ ಮರೀಬೇಕಲ್ಲ?" ಆಮೇಲೆ ಒಂದು ದಿನ ಆಸ್ಪತ್ರೆಯವರು ಒಗೆಯುವ ಕೆಲಸವನ್ನೆಲ್ಲ ಹೊರಗಿನ ಕಂಪನಿಗೆ ಕೊಟ್ಟರು. ಬೆಳಿಗ್ಗೆ ಒಂದು ದೊಡ್ಡ ಗಾಡಿ ಬಂತು, ಮೈಲಿಗೆ ಬಟ್ಟೆ ತುಂಬಿಕೊಂಡು ಹೋಯಿತು. ಮಾರನೆಯ ದಿನದಿಂದ ಹನ್ನೊಂದು ಹೆಂಗಸರಿಗೆ ಕೆಲಸವಿಲ್ಲ. ಒಂದೂವರೆ ವರ್ಷ ಮನೆಯಲ್ಲಿ ಕೂತು, ನಾಲ್ಕು ವರ್ಷದ ಹಿಂದೆ ಅಕ್ಕ ಈ ಕೋಣೆಗೆ ಬಂದರು, ಓರಗಿತ್ತಿಯನ್ನೂ ಕರೆತಂದರು.

ಹಸಿರು ತಂಡದ ಮೊದಲ ಪಂದ್ಯ ಮುಗಿದ ದಿನ, ಹಳೆಯ ಕೈ ಹಳೆಯ ಚಾಳಿಯಲ್ಲಿ ಡ್ರೈಯರಿನ ಬಿಸಿಯನ್ನು ಪೂರ್ತಿ ತಿರುಗಿಸಿತು. ಗೋಂದಿನಿಂದ ಅಂಟಿಸಿದ ಅಗ್ಗದ ನಂಬರುಗಳು ಅವು. ಎಂಟರ ಎಡಭಾಗ ಎದ್ದು ಬಂದು, ಹಾವಿನ ಪೊರೆಯ ಹಾಗೆ ಸುರುಳಿಯಾಗಿ ಡ್ರೈಯರಿನ ಜಾಲರಿಯಲ್ಲಿ ಕೂತಿತು. ಬೆನ್ನ ಮೇಲೆ ಉಳಿದದ್ದು ಮೂರು. ಓರಗಿತ್ತಿ ಮೂರು ಎಂದೇ ಮಡಚಿಟ್ಟಳು.

ಎರಡನೇ ಪಂದ್ಯದಲ್ಲಿ ಮೈದಾನಕ್ಕೆ ಇಬ್ಬರು ಮೂರನೇ ನಂಬರಿನವರು ಇಳಿದರು. ರೆಫರಿ ಆಟ ಶುರು ಮಾಡಲಿಲ್ಲ. ಗಾಯಕ್ಕೆ ಸುತ್ತುವ ಬಿಳಿ ಪಟ್ಟಿ ಅಂಟಿಸಿ ಮೂರನ್ನು ಎಂಟು ಮಾಡುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದಿತ್ತು. ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಆ ನಗು ಚಾವಣಿ ದಾಟಿ ಕೆಳಗಿನ ಕೋಣೆಗೂ ಕೇಳಿಸಿತು. ಯಾಕೆ ನಗುತ್ತಿದ್ದಾರೆ ಎಂದು ಮಾತ್ರ ಗೊತ್ತಾಗಲಿಲ್ಲ.

ಸಂಜೆ ಕ್ರೀಡಾಂಗಣದ ಮೇಲ್ವಿಚಾರಕರು ಬಂದರು. ಯಾರು ಮಡಚಿದ್ದು ಎಂದು ಕೇಳಿದರು. "ಬಿಸಿ ಇಟ್ಟಿದ್ದು ನಾನು," ಎಂದಷ್ಟೇ ಹೇಳಿದರು ಅಕ್ಕ. ಇನ್ನೊಂದು ಸಲ ಒಂದು ನಂಬರು ಎದ್ದರೂ ಸೆಮಿಫೈನಲ್‌ನಿಂದ ಒಗೆಯುವ ಕೆಲಸ ಹೊರಗಿನವರಿಗೆ ಎಂದು ಹೇಳಿ ಅವರು ಹೋದರು.

"ಸೆಮಿಫೈನಲ್ ಒಂದಕ್ಕೇ ಅಂತ ಗಾಡಿ ಬರುತ್ತಾ? ಒಂದ್ಸಲ ಒಳಗೆ ಬಂದ ಗಾಡಿ ವಾಪಸ್ ಹೋಗಲ್ಲ. ನಾನು ನೋಡಿದೀನಿ," ಎನ್ನುತ್ತಾರೆ ಅಕ್ಕ.

ಅಂದೇ ಅಕ್ಕ ಡ್ರೈಯರಿನ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಚೂರನ್ನು ಬಿಡಿಸಿ, ಮೇಲೆ ಹತ್ತಿ ಬಟ್ಟೆ ಹಾಕಿ, ಇಸ್ತ್ರಿ ಒತ್ತಿ ಕೂರಿಸಿದ್ದರು. ನಿನ್ನೆಯ ಅಭ್ಯಾಸದಲ್ಲಿ ಅದರ ಮೂಲೆ ಮತ್ತೆ ಬಾಯಿ ಬಿಟ್ಟಿದೆ. "ಗೋಂದು ಸತ್ತುಹೋಗಿದೆ. ಸತ್ತೋರನ್ನ ಎಷ್ಟು ಸಲ ಎಬ್ಬಿಸೋದು?" ಹಾಗಾಗಿ ಎಂಟು ಗಂಟೆಗೆ, ಜರ್ಸಿ ಪೂರ್ತಿ ಒಣಗಿದ ಮೇಲೆ, ಅಕ್ಕ ಕನ್ನಡಕ ಏರಿಸಿ ಸೂಜಿಗೆ ಬಿಳಿ ದಾರ ಪೋಣಿಸುತ್ತಾರೆ.

ಅಷ್ಟರಲ್ಲಿ ಹಸಿರು ತಂಡದ ಸಾಮಾನು ನೋಡಿಕೊಳ್ಳುವ ಮುದುಕ ಬಾಗಿಲಲ್ಲಿ ನಿಂತಿದ್ದಾನೆ. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು. ಸೂಜಿ ನೋಡಿ ಎರಡೂ ಕೈ ಎತ್ತಿ ಬೇಡ ಬೇಡ ಎನ್ನುತ್ತಾನೆ. ತಿರುಗಿ ನಿಂತು ತನ್ನ ಅಂಗಿಯನ್ನೇ ಹಿಂದಿನಿಂದ ಎಳೆದು, ಪರ್ರ್ ಎಂದು ಹರಿದ ಸದ್ದು ಮಾಡಿ ತೋರಿಸುತ್ತಾನೆ.

"ಎಳೆದಾಡ್ತಾರೆ, ಹರಿಯುತ್ತೆ ಅಂತಿದಾನೆ," ಎನ್ನುತ್ತಾಳೆ ಓರಗಿತ್ತಿ. "ಪಾಪ, ನಿಜಾನೇ ಅಲ್ವಾ ಅಕ್ಕ?"

"ನಿಜಾನೇ. ಹತ್ತಿರ ಹತ್ತಿರ ಚುಚ್ಚಿದ್ರೆ ಅಂಚೆಚೀಟಿ ಹಾಗೆ ಕಿತ್ಕೊಂಡು ಬರುತ್ತೆ. ದೂರ ದೂರ ಹಾಕ್ಬೇಕು, ದಾರ ಬಿಗೀಬಾರ್ದು. ಬಟ್ಟೆ ಎಳೆದಾಗ ದಾರಾನೂ ಜೊತೆಗೆ ಹೋಗ್ಬೇಕು." ಅಕ್ಕ ಒಂದು ಹೊಲಿಗೆ ಹಾಕಿ, ಜರ್ಸಿಯನ್ನು ಎರಡೂ ಕೈಯಲ್ಲಿ ಹಿಡಿದು ಮುದುಕನ ಮುಖದೆದುರು ಹಿಗ್ಗಿಸುತ್ತಾರೆ. ಹೊಲಿಗೆ ಹಿಗ್ಗಿ ಮತ್ತೆ ಕೂರುತ್ತದೆ. ಅವನು ಬಗ್ಗಿ ನೋಡುತ್ತಾನೆ, ತಾನೂ ಒಂದು ಸಲ ಎಳೆಯುತ್ತಾನೆ. ಆಮೇಲೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಕೊನೆಯ ಹೊಲಿಗೆಯವರೆಗೂ ಕದಲುವುದಿಲ್ಲ. ಒಟ್ಟು ಹದಿನಾಲ್ಕು ಹೊಲಿಗೆ.

ಮೂರೂವರೆಗೆ ಮೇಲೆ ಆಟ ಶುರುವಾಗುತ್ತದೆ. ಅಕ್ಕ ನಾಲ್ಕು ವರ್ಷದಲ್ಲಿ ಒಂದು ಪಂದ್ಯವನ್ನೂ ಪೂರ್ತಿ ನೋಡಿಲ್ಲ. ಆಟದ ಹೊತ್ತೇ ಟವೆಲ್ಲುಗಳ ಹೊತ್ತು. ಆದರೂ ಆಟಗಾರರನ್ನು ಅವರು ಬಲ್ಲರು, ಕೊಳೆಯ ಮೂಲಕ. ಬಲ ತೊಡೆಯ ಮೇಲೆ ಹುಲ್ಲಿನ ಕಲೆ ಇದ್ದರೆ ಜಾರಿ ಚೆಂಡು ಕಸಿಯುವವನು. ಮೊಣಕೈ ಕೆಸರಾದರೆ ಗೋಲ್‌ಕೀಪರ್. ಬೆವರೂ ಇಲ್ಲದೆ ಬಂದ ಜರ್ಸಿ ಬೆಂಚಿನಲ್ಲಿ ಕೂತವನದು. "ಅದನ್ನೂ ಒಗೀತೀನಿ. ಆಡ್ಲಿಲ್ಲ ಅಂತ ಅವನಿಗೆ ಮೊದ್ಲೇ ಬೇಜಾರು, ಒಗೀಲೂ ಇಲ್ಲ ಅಂದ್ರೆ?"

ಇವತ್ತು ಮಾತ್ರ ಕೈ ಟವೆಲ್ಲಿನ ಮೇಲೆ, ಕಿವಿ ಚಾವಣಿಯ ಮೇಲೆ. ಕಾಲುಗಳ ದಡಬಡ ಕೇಳುತ್ತದೆ, ಸುಣ್ಣದ ಪುಡಿ ಉದುರುತ್ತದೆ. ಒಂದು ಸಲ ದೊಡ್ಡ ಕೂಗು. ಸ್ವಲ್ಪ ಹೊತ್ತಿಗೆ ನಗುವಿನಂಥ ಗದ್ದಲ. ಅಕ್ಕ ಟವೆಲ್ ಹಿಡಿದು ಹಾಗೇ ನಿಲ್ಲುತ್ತಾರೆ.

"ನಕ್ಕಿದ್ದಾ ಅದು?"

"ಇಲ್ಲ ಅಕ್ಕ, ಯಾರೋ ಬಿದ್ದಿರ್ಬೇಕು. ಬಿದ್ರೆ ಹಾಗೇ ಆಗುತ್ತೆ."

"ಹೋಗಿ ನೋಡ್ಕೊಂಡು ಬರ್ತೀಯಾ?"

"ನಂಗೆ ಧೈರ್ಯ ಇಲ್ಲ. ನೀವು ಹೋಗಿ."

ಇಬ್ಬರೂ ಹೋಗುವುದಿಲ್ಲ.

ಐದೂಮುಕ್ಕಾಲಿಗೆ ಬುಟ್ಟಿ ಬರುತ್ತದೆ. ಜರ್ಸಿಗಳೆಲ್ಲ ಕೆಸರಿನ ಮುದ್ದೆಗಳು, ಹಸಿರು ಯಾವುದು ಕಪ್ಪು ಯಾವುದು ಗೊತ್ತಾಗುವುದಿಲ್ಲ. ಓರಗಿತ್ತಿ ಒಂದೊಂದಾಗಿ ಎತ್ತಿ ಬಿಡಿಸುತ್ತಾಳೆ. ಹನ್ನೆರಡು. ಐದು. ಇಪ್ಪತ್ತು. ತಳದಲ್ಲಿ ಸಿಕ್ಕಿದ್ದರ ಬೆನ್ನಿಗೆ ಕೆಸರು ಗಾರೆಯ ಹಾಗೆ ಮೆತ್ತಿಕೊಂಡಿದೆ. ನಂಬರು ಇದೆಯೋ ಇಲ್ಲವೋ ಕಾಣುವುದಿಲ್ಲ. ಅಕ್ಕ ಅದನ್ನು ಕಿತ್ತುಕೊಂಡು ನಲ್ಲಿಯ ಕೆಳಗೆ ಹಿಡಿಯುತ್ತಾರೆ. ಕಂದು ನೀರು ಹರಿಯುತ್ತದೆ. ಮೊದಲು ಬಲಗಡೆಯ ಬಿಳಿ ಬರುತ್ತದೆ, ಮೂರರ ಹಾಗೆ. ಅಕ್ಕನ ಹೆಬ್ಬೆರಳು ಎಡಕ್ಕೆ ಉಜ್ಜುತ್ತದೆ. ಕೆಸರಿನ ಹೆಂಟೆಯೊಂದು ಕಳಚಿ ಬೀಳುತ್ತದೆ. ಅಡಿಯಲ್ಲಿ ಬಿಳಿ ಇದೆ. ಭುಜದ ಕಡೆ ಎರಡು ಹೊಲಿಗೆ ಹೋಗಿವೆ, ಹನ್ನೆರಡು ಗಟ್ಟಿಯಾಗಿ ಕೂತಿವೆ.

ಅಕ್ಕ ನಲ್ಲಿ ನಿಲ್ಲಿಸುವುದನ್ನು ಮರೆಯುತ್ತಾರೆ. ಓರಗಿತ್ತಿ ನಿಲ್ಲಿಸುತ್ತಾಳೆ.

ಮುದುಕ ಬಂದು ಒಂದು ಕೈಯಲ್ಲಿ ಒಂದು ಬೆರಳು, ಇನ್ನೊಂದರಲ್ಲಿ ಎರಡು ಬೆರಳು ತೋರಿಸುತ್ತಾನೆ. ಸೋತಿದ್ದಾರೆ. ಅಂಗೈಯನ್ನು ವಿಮಾನದ ಹಾಗೆ ಏರಿಸುತ್ತಾನೆ, ನಾಳೆ ಹೊರಡುತ್ತಾರೆ. ಆಮೇಲೆ ಒದ್ದೆ ಜರ್ಸಿಯ ಎಂಟನ್ನು ಬೆರಳಿನಿಂದ ಒಮ್ಮೆ ಪೂರ್ತಿ ಸುತ್ತಿ ಬಂದು, ಆ ಬೆರಳನ್ನು ತನ್ನ ಎದೆಗೆ ಒತ್ತಿಕೊಂಡು ಹೋಗುತ್ತಾನೆ.

ಅವನ ಹಿಂದೆಯೇ ಮೇಲ್ವಿಚಾರಕರ ತಲೆ ಬಾಗಿಲಲ್ಲಿ ಇಣುಕುತ್ತದೆ. "ಅಕ್ಕಾ, ಸೆಮಿಫೈನಲ್ ನಾಡಿದ್ದು. ಬುಟ್ಟಿ ಇಲ್ಲಿಗೇ ಕಳಿಸ್ತೀನಿ." ಉತ್ತರಕ್ಕೆ ಕಾಯದೆ ಹೋಗುತ್ತಾರೆ.

"ಉಳ್ಕೊಂಡ್ವಿ ಅಕ್ಕ," ಎನ್ನುತ್ತಾಳೆ ಓರಗಿತ್ತಿ.

"ಉಳ್ಕೊಂಡ್ವಿ. ಅಂದ್ರೆ ನಾಳೆನೂ ನಾಲ್ಕಕ್ಕೇ ಏಳ್ಬೇಕು."

ಅಕ್ಕ ಜರ್ಸಿಯನ್ನು ಒಳಮಗ್ಗುಲು ಹೊರಗೆ ತಿರುಗಿಸಿ, ತಣ್ಣೀರಿನಲ್ಲಿ ನೆನೆಹಾಕುತ್ತಾರೆ. ಕೈ ಬೆರಳಿನ ಬಿರುಕುಗಳಿಗೆ ಸೋಪಿನ ನೀರು ಇಳಿದು ಮುಖ ಕಿವುಚುತ್ತಾರೆ. ಈ ಟೂರ್ನಿ ಮುಗಿದ ಮೇಲೆ ಏನು ಆಸೆ ಎಂದು ಓರಗಿತ್ತಿ ಕೇಳಿದರೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಒಳ್ಳೆ ಬಿಸಿಲಿರೋ ಒಂದು ದಿನ, ನಂದೇ ಒಂದು ಬಟ್ಟೆ ಒಗೆದು ಹೊರಗೆ ಹರವಬೇಕು. ಮುಟ್ಟಿ ನೋಡಬಾರ್ದು, ಗಂಟೆ ನೋಡಬಾರ್ದು. ಅದು ತನ್ನಷ್ಟಕ್ಕೆ ತಾನು ಒಣಗೋವರೆಗೂ ಪಕ್ಕದಲ್ಲೇ ಸುಮ್ನೆ ಕೂತಿರಬೇಕು."