ಮಂಚದಷ್ಟು ದಾರಿ

ತಾರಮಂಗಲದಿಂದ ಸೇಲಂನ ನೇಕಾರರ ಬೀದಿಗೆ ಸೊಸೆಯಾಗಿ ಬಂದಾಗ ನನಗೆ ಮೊದಲು ಸಿಟ್ಟು ಬಂದದ್ದು ಗಂಡನ ಮೇಲಲ್ಲ, ಬೀದಿಯ ಮೇಲೆ. ನೇಯುವ ಮುಂಚೆ ಹಾಸಿನ ನೂಲನ್ನು ಉದ್ದಕ್ಕೆ ಎಳೆದುಕಟ್ಟಿ, ಗಂಜಿ ಹಚ್ಚಿ, ಕುಂಚದಲ್ಲಿ ಬಾಚಿ ಒಣಗಿಸಬೇಕು. ನಮ್ಮೂರಲ್ಲಿ ಅದಕ್ಕೆ ಹುಣಸೆ ತೋಪಿತ್ತು. ಇಲ್ಲಿ ತೋಪುಗಳೆಲ್ಲ ಮನೆಗಳಾಗಿ, ಬೀದಿಯೊಂದೇ ಉಳಿದಿತ್ತು. ಬೆಳಗಿನ ಹೊತ್ತು ನೀರಿಗೆ ಹೋಗುವ ನಾವು ಗೋಡೆಗೆ ಮೈ ಉಜ್ಜಿಕೊಂಡೇ ನಡೆಯಬೇಕಿತ್ತು.

ಊರು ಬೆಳೆಯುತ್ತಲೇ ಇತ್ತು. ಗಾಡಿಗಳು ಹೆಚ್ಚಿದವು, ಬಸ್ಸು ಬಂತು. ಒಂದು ದಿನ ಮುನಿಸಿಪಾಲಿಟಿಯವರು ತಮಟೆ ಹೊಡೆಸಿ, ಇನ್ನು ಬೀದಿಯಲ್ಲಿ ಹಾಸು ಕಟ್ಟಕೂಡದು, ದಾರಿ ಬಿಡಬೇಕು ಎಂದು ಸಾರಿಸಿದರು. ನಮ್ಮ ಮಾವನಿಗೆ ಕೋಪ ಮೂಗಿನ ತುದಿಯಲ್ಲೇ. ದಾರಿ ಬಿಟ್ಟು ನಾವು ತಿನ್ನುವುದೇನು ಎಂದು ಬೀದಿಯವರನ್ನೆಲ್ಲ ಸೇರಿಸಿ, ಮರುದಿನ ಗೋಡೆಯಿಂದ ಗೋಡೆಗೆ ಒತ್ತೊತ್ತಾಗಿ ಹಾಸು ಕಟ್ಟಿಸಿದರು. ನೊಣ ನುಸುಳುವುದಕ್ಕೂ ಜಾಗವಿರಲಿಲ್ಲ. ನಾನೋ ದಿನ ತುಂಬಿದ ಬಸುರಿ. ಮನಸ್ಸಿನಲ್ಲೇ ಮುನಿಸಿಪಾಲಿಟಿಯ ಕಡೆ ಸೇರಿಕೊಂಡಿದ್ದೆ.

ಅದೇ ಬೆಳಿಗ್ಗೆ ನನಗೆ ನೋವು ಹತ್ತಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಕೈ ತೆಗೆದಳು. "ಕೂಸು ಅಡ್ಡ ಐತೆ. ನನ್ ಕೈಲಿ ಆಗಲ್ಲ, ಬೇಗ ಆಸ್ಪತ್ರೆಗೆ ಒಯ್ರಿ" ಎಂದಳು.

ಜಟಕಾ ಬೀದಿಯ ಬಾಯಲ್ಲಿ ನಿಂತಿತು. ನಮ್ಮ ಮನೆ ಒಳತುದಿಯಲ್ಲಿ, ಆಚೆಗೆ ದಾರಿಯಿಲ್ಲ. ನನ್ನನ್ನು ಮಂಚದ ಮೇಲೆ ಮಲಗಿಸಿ ಗಂಡನೂ ನೆರೆಯವರೂ ಹೊತ್ತು ಹೊರಗೆ ತಂದರು. ಎದುರಿಗೆ ಬೀದಿ ತುಂಬ ಸೊಂಟದೆತ್ತರಕ್ಕೆ ಹಸಿ ನೂಲು. ಹಸಿಯಿರುವಾಗ ಅಲುಗಿಸಿದರೆ ಎಳೆಗಳು ಅಂಟಿಕೊಂಡು ಹಾಸೇ ಹಾಳು. ಎಲ್ಲರ ಕೂಳೂ ಅದರಲ್ಲೇ ಇತ್ತು. ತಾವೇ ಹಾಕಿಸಿದ ಹಾಸನ್ನು ತೆಗೆಯಿರಿ ಎಂದು ಮಾವ ಯಾವ ಮುಖದಲ್ಲಿ ಕೇಳಿಯಾರು?

ಎದುರುಮನೆಯಲ್ಲಿ ಒಬ್ಬ ಒಂಟಿ ಮುದುಕಿಯಿದ್ದಳು. ಅವಳಿಗಿದ್ದದ್ದು ಅದೊಂದೇ ಹಾಸು. ಅವಳೇ ಮೊದಲು ಬಗ್ಗಿ ತನ್ನ ನೂಲಿನಡಿಗೆ ಎರಡೂ ತೋಳು ಕೊಟ್ಟಳು.

"ನೂಲು ಹೋದ್ರೆ ಇನ್ನೊಂದು ತರಬೋದು. ಎತ್ರಪ್ಪಾ" ಎಂದಳು.

ಬೀದಿಗೆ ಬೀದಿಯೇ ಎತ್ತಿತು. ಗಂಡಸರು ಕೋಲುಗಳ ಮೇಲೆ, ಹೆಂಗಸರು ಬರಿಗೈಯಲ್ಲಿ ನೂಲನ್ನು ತಲೆಯ ಮೇಲಕ್ಕೆ ಹಿಡಿದು ನಿಂತರು. ಅದರಡಿಯಲ್ಲಿ ನನ್ನ ಮಂಚ ಬಗ್ಗಿಬಗ್ಗಿ ಸಾಗಿತು. ನೋವಿನ ನಡುವೆ ಕಣ್ಣು ತೆರೆದಾಗ ಕಂಡದ್ದು ಬಿಳಿ ನೂಲು, ಅದರಾಚೆ ಆಕಾಶ. ಕೆನ್ನೆಯ ಮೇಲೆ ಗಂಜಿ ತೊಟ್ಟಿಕ್ಕುತ್ತಿತ್ತು. ಆ ಬೀದಿಯನ್ನು ಅಷ್ಟು ದಿನ ಬೈದಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಮಗಳು ಉಳಿದಳು, ನಾನೂ ಉಳಿದೆ. ಹಾಸುಗಳು ಬಹಳಷ್ಟು ಕೆಟ್ಟವು. ನಾನು ಮನೆಗೆ ಬರುವಷ್ಟರಲ್ಲಿ ಮಾವ ನಮ್ಮ ಮನೆಯ ನೂಲನ್ನೇ ಮುದುಕಿಯ ಮಗ್ಗಕ್ಕೆ ಕಟ್ಟಿಕೊಟ್ಟಿದ್ದರು. ಆಮೇಲೆ ಹಿರಿಯರೊಂದಿಗೆ ಮುನಿಸಿಪಾಲಿಟಿಗೆ ಹೋಗಿ, ಬಿಸಿಲೇರುವವರೆಗೆ ಬೀದಿಯ ಒಂದು ಮಗ್ಗುಲು ನಮಗೆ ಬಿಡಿ, ಇನ್ನೊಂದು ಮಗ್ಗುಲು ಎಲ್ಲರಿಗೂ ಇರಲಿ ಎಂದು ಕೇಳಿದರು. ಪುಣ್ಯಕ್ಕೆ ಅಲ್ಲಿನ ಅಧಿಕಾರಿ ಒಪ್ಪಿಕೊಂಡರು.

ಅಂದಿನಿಂದ ಹಾಸು ಕಟ್ಟುವ ಬೆಳಿಗ್ಗೆಗಳಲ್ಲಿ ಮಾವ ಮೊದಲು ನನ್ನ ಮಂಚವನ್ನು ಎಳೆದುಕೊಂಡು ಹೋಗಿ ಬೀದಿಯಲ್ಲಿ ಒಂದು ಕಡೆಯ ಗೋಡೆಗೆ ತಾಗಿಸಿ ಅಡ್ಡಲಾಗಿ ಇಡುತ್ತಿದ್ದರು. ಜನ ನಕ್ಕರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಂಚ ಮುಗಿದ ಕಡೆಯಿಂದಾಚೆಗೇ ಅವರ ಹಾಸಿನ ಮೊದಲ ಗೂಟ.